ಮೈನರ್ ಒತ್ತಿದ ಸೋಬಾನೆ

ತಪ್ಪು ನನ್ನದೇ. ಸ್ವರ ಬರೆಯುವ ಸಾಫ್ಟ್‌ವೇರು ಮೊದಲೇ ಕೇಳಿತ್ತು: ಮೇಜರೋ, ಮೈನರೋ? ಪಾಶ್ಚಾತ್ಯ ಸಂಗೀತದಲ್ಲಿ ನಗುವ ಹಾಡಿಗೆ ಮೇಜರ್, ಕೊರಗುವುದಕ್ಕೆ ಮೈನರ್. ಸ್ಥೂಲವಾಗಿ ಹೇಳುವುದಾದರೆ ಇಷ್ಟೆ.

ಗೆಳತಿ ಗಾನವಿಯ ಮದುವೆ ಅಮೆರಿಕದ ಡ್ಯಾನ್‌ವಿಲ್‌ನಲ್ಲಿ. ಅವಳು ಹಸೆಮಣೆಗೆ ಬರುವಾಗ ಅವಳಜ್ಜಿ ಮರಿತಾಯಮ್ಮ ಸೋಬಾನೆ ಹಾಡಬೇಕು, ಜೊತೆಗೆ ನಮ್ಮ ನಾಲ್ವರ ಪಿಟೀಲು ತಂಡ ನುಡಿಸಬೇಕು ಎಂದು ನಿಶ್ಚಯವಾಗಿತ್ತು. ಉಳಿದ ಮೂವರು ಅಮೆರಿಕದವರು, ಬರೆದು ಕೊಟ್ಟರಷ್ಟೇ ನುಡಿಸುತ್ತಾರೆ. ಬರೆಯುವ ಕೆಲಸ ಮೈಸೂರಿನ ಹಫ್ಸಾ ಆದ ನನ್ನ ಪಾಲಿಗೆ ಬಂತು.

ಮಂಡ್ಯದಿಂದ ಬಂದಿದ್ದ ಅಜ್ಜಿ ಗಾನವಿಯ ಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತು, ತೊಡೆ ತಟ್ಟುತ್ತ, ನಡುನಡುವೆ ನಗುತ್ತ ಹಾಡಿದರು. ಕಿವಿಯಿದ್ದ ಯಾರಿಗಾದರೂ ಅದು ಮೇಜರ್ ಎಂದು ತಿಳಿಯುತ್ತಿತ್ತು. ನಾನು ಮೈನರ್ ಒತ್ತಿದೆ. ಆಮೇಲೆ ಬರೆದ ಸ್ವರಗಳಲ್ಲಿ ಕೆಲವು ತಾವಾಗಿ ಅರ್ಧ ಮೆಟ್ಟಿಲು ಇಳಿದವು. ಹಾಡು ಅಳುಮೋರೆ ಹಾಕಿತು. ಕೇಳಿದವರ ಕಣ್ಣಲ್ಲಿ ನೀರು ಬರುತ್ತದೆ ಎಂದು ಹಿಗ್ಗಿದೆ. ಕಣ್ಣೀರು ತರಿಸಿದರೆ ನಾನು ದೊಡ್ಡ ಕಲಾವಿದೆ ತಾನೆ!

ಕಂಪ್ಯೂಟರ್ ಅದನ್ನು ನುಡಿಸಿದಾಗ ಅಜ್ಜಿ ದನಿ ಸೇರಿಸಿದರು. ಸೇರಲಿಲ್ಲ. ಇನ್ನೊಮ್ಮೆ ಹಾಡಿದರು, ಆಗಲೂ ಸೇರಲಿಲ್ಲ.

“ನಂಗೇ ಮರ್ತೋಗದೆ ಕಣವ್ವ,” ಎಂದರು. “ಮಿಸೀನು ಸುಳ್ಳು ಹೇಳಾದಾ?”

ಆಗಲಾದರೂ ಬಾಯಿ ಬಿಡಬಹುದಿತ್ತು. “ಪ್ರಾಕ್ಟೀಸ್ ಮಾಡಿದ್ರೆ ಬರತ್ತೆ ಅಜ್ಜಿ,” ಎಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳ.

ಒಂದು ವಾರ ಮರಿತಾಯಮ್ಮ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸೊಪ್ಪು ಬಿಡಿಸುತ್ತ, ಬಟ್ಟೆ ಮಡಚುತ್ತ ಕಲಿತರು.

“ಅಜ್ಜಿ ಫುಲ್ ಸೀರಿಯಸ್ಸು ಕಣೇ, ಊಟಕ್ಕೆ ಕರೆದ್ರೂ ಬರಲ್ಲ,” ಎಂದು ಗಾನವಿ ಫೋನಿನಲ್ಲಿ ನಕ್ಕಳು. ಮದುವೆಯ ಹಿಂದಿನ ದಿನ, ರೆಡ್‌ವುಡ್ ಸಿಟಿಯ ನನ್ನ ಆಫೀಸಿನಲ್ಲೇ ಕೂತು, ಯಾರಿಗೂ ಹೇಳದೆ ಮೇಜರ್‌ಗೆ ಬದಲಾಯಿಸಿ ಹೊಸ ಪ್ರತಿ ತೆಗೆದೆ. ಹಾಡು ಕೇಳಿದೊಡನೆ ಅಜ್ಜಿಗೆ ಹಳೆಯದು ನೆನಪಾಗುತ್ತದೆ, ನನ್ನ ಮಾನವೂ ಉಳಿಯುತ್ತದೆ ಎಂದುಕೊಂಡಿದ್ದೆ.

ಮಂಟಪದ ಪಕ್ಕ ನಾಲ್ವರೂ ಹೊಸ ಪ್ರತಿ ಇಟ್ಟುಕೊಂಡು ನುಡಿಸಲು ಶುರುಮಾಡಿದೆವು. ಹಾಡು ಮೊದಲಿನ ಹಾಗೆ ನಗುತ್ತಿತ್ತು. ಅಜ್ಜಿ ಬಾಯಿ ತೆರೆದರು. ಬಂದದ್ದು ನಾನು ಕಲಿಸಿದ ಅಳುಮೋರೆ. ಎರಡನೇ ಸಾಲಿಗೆ ತಡವರಿಸಿ ನಿಂತರು. ನೆಂಟರಿಷ್ಟರೆಲ್ಲ ನೋಡುತ್ತಿದ್ದರು.

“ಏನೂ ಅನ್ಕಬ್ಯಾಡಿ, ನಂದೇ ತಪ್ಪು,” ಎಂದು ಎಲ್ಲರಿಗೂ ಕೈಮುಗಿದು ಕೂತುಬಿಟ್ಟರು. ಗಾನವಿ ಅಜ್ಜಿಯ ಹಾಡಿಲ್ಲದೆಯೇ ಹಸೆ ಏರಿದಳು. ನಾನು ತಲೆ ತಗ್ಗಿಸಿಕೊಂಡು ನುಡಿಸುತ್ತಲೇ ಇದ್ದೆ.

ಊಟದ ಹೊತ್ತಿಗೆ ಅಜ್ಜಿಯ ಕಾಲ ಬಳಿ ಕೂತು ಎಲ್ಲ ಹೇಳಿದೆ. ಬಯ್ಯಲಿ ಎಂದು ಕಾದೆ.

“ಹಂಗಾರೆ ಮೊದಲ್ನೇ ದಿನ ನಾ ಹಾಡಿದ್ದೇ ಸರಿನಾ?”

“ಅದೇ ಸರಿ ಅಜ್ಜಿ. ಈಗ ಹಾಡಿ. ತಪ್ಪು ನಂದು ಅಂತ ಎಲ್ಲರ ಮುಂದೆ ಹೇಳ್ತೀನಿ.”

ಅವರು ಕಣ್ಣು ಮುಚ್ಚಿ ತೊಡೆ ತಟ್ಟಿದರು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಮತ್ತೊಮ್ಮೆ ತಟ್ಟಿ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

“ಅದ ಮರೆಯಕ್ಕೆ ಒಂದು ವಾರ ಕಷ್ಟಬಿದ್ದೆ ಕಣವ್ವ,” ಎಂದರು. “ಈಗ ಬರಾಕಿಲ್ಲ.”