ತಟ್ಟೆ ಹೊತ್ತವಳು ಬೀಳುವ ದೃಶ್ಯ

ಸಿನಿಮಾ ಸಂಘದವರು ಅವಳಿಗೆ ಮೂಕಿ ಎಂದು ಹೆಸರಿಟ್ಟಿದ್ದರು. ಮಾತು ಬಾರದವಳೆಂದಲ್ಲ, ಬಾಯಿ ತೆರೆದರೆ ಮುಚ್ಚುವವಳೇ ಅಲ್ಲ. ಮಾತಿಲ್ಲದ ಹಳೆಯ ಮೂಕಿಚಿತ್ರಗಳೆಂದರೆ ಜೀವ ಬಿಡುತ್ತಿದ್ದಳು, ಅದಕ್ಕೆ. ವಾರವಿಡೀ ಅವಳದು ಕಟ್ಟುಹಲ್ಲಿನ ಸೆಟ್ಟು ಮಾಡುವ ಕೆಲಸ. ಗುಲಾಬಿ ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಕಂಡವರ ನಗುವನ್ನೆಲ್ಲ ಡಬ್ಬಿಗೆ ತುಂಬಿ ದಂತವೈದ್ಯರಿಗೆ ಕಳಿಸುತ್ತಿದ್ದಳು. ಭಾನುವಾರ ಮಧ್ಯಾಹ್ನ ಮಾತ್ರ ಸೈಕಲ್ ಅಂಗಡಿಯ ಮೇಲಿನ ಹಾಲಿನಲ್ಲಿ ಸಂಘದವರು ಪರದೆ ಬಿಗಿಯುವ ಮೊದಲೇ ಹಾಜರ್.

ಅವಳಿಗೆ ಪ್ರಾಣವಾದದ್ದು ಇಪ್ಪತ್ತು ನಿಮಿಷದ ಒಂದು ತಮಾಷೆ ಚಿತ್ರ. ಅದರಲ್ಲಿ ಮನೆಗೆಲಸದ ಹುಡುಗಿಯೊಬ್ಬಳು ಗಲ್ಲದವರೆಗೆ ತಟ್ಟೆ ಪೇರಿಸಿಕೊಂಡು ಮೆಟ್ಟಿಲು ಇಳಿಯುತ್ತಾಳೆ. ಕಾಲಿಗೆ ಹಗ್ಗ ಅಡ್ಡ ಬರುತ್ತದೆ. ತಟ್ಟೆಗಳ ಸಮೇತ ಉರುಳಿ ಬಂದು ನೆಲದ ಮೇಲೆ ಕೂತು, ಕಣ್ಣರಳಿಸಿ ನೇರ ನಮ್ಮನ್ನೇ ನೋಡುತ್ತಾಳೆ. ಅಷ್ಟೇ, ಮುಂದೆ ಅವಳು ಚಿತ್ರದಲ್ಲೇ ಇಲ್ಲ. ಮೂಕಿ ಅದನ್ನು ಒಂಬತ್ತು ಸಲ ನೋಡಿದ್ದಳು, ಒಂಬತ್ತು ಸಲವೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಸಂಘದ ಪತ್ರಿಕೆಗೆ ಎರಡು ಪುಟ ಬರೆದೂ ಇದ್ದಳು: ಆ ಕಣ್ಣು ದೇವರನ್ನೇ ತಡೆದು ನಿಲ್ಲಿಸಿ ನಾನೇ ಯಾಕೆ ಎಂದು ಕೇಳುತ್ತದೆ, ಬಾಯಿ ಬಂದ ಮೇಲೆ ಸಿನಿಮಾ ಅಂಥ ಒಂದು ಪ್ರಶ್ನೆ ಕೇಳಿಲ್ಲ ಎಂದು. ಬರಹದ ಜೊತೆ ಅಚ್ಚಾದ ಆ ಮುಖವನ್ನು ಕತ್ತರಿಸಿ ಕೆಲಸದ ಮೇಜಿನ ಎದುರಿಗೆ ಅಂಟಿಸಿಕೊಂಡಿದ್ದಳು.

ಮೂಕಿಯ ಮನೆಯಲ್ಲಿ ಅವಳ ಅಮ್ಮನ ಚಿಕ್ಕಮ್ಮ ಇದ್ದಳು. ಮದುವೆಯಾಗದೆ ಮುದುಕಿಯಾದವಳು, ಎಡಗಾಲು ಎಳೆದು ನಡೆಯುತ್ತಿದ್ದಳು. ಮೂಕಿ ಹುಟ್ಟಿದಾಗಿನಿಂದ ಆ ಕಾಲು ಹಾಗೇ ಇತ್ತು. ಗೋಡೆಯ ಗಡಿಯಾರ ಯಾಕೆ ಅಲ್ಲಿದೆ ಎಂದು ಯಾರೂ ಕೇಳದ ಹಾಗೆ ಅದನ್ನೂ ಯಾರೂ ಕೇಳಿರಲಿಲ್ಲ. ಚಿಕ್ಕಜ್ಜಿಯ ಹಲ್ಲಿನ ಸೆಟ್ಟು ಸಡಿಲವಾಗಿ ಮಾತಿನ ನಡುವೆ ಉದುರತೊಡಗಿದಾಗ ಮೂಕಿ ಹೊಸದು ಮಾಡಿಕೊಡಲು ತನ್ನ ಕೆಲಸದ ಜಾಗಕ್ಕೆ ಕರೆತಂದಳು. ಮೇಣದ ಅಚ್ಚನ್ನು ಬಾಯೊಳಗಿಟ್ಟು ಕಚ್ಚಲು ಹೇಳಿದಳು. ಮುದುಕಿ ಕಚ್ಚಲಿಲ್ಲ. ಗೋಡೆ ನೋಡುತ್ತಿದ್ದಳು. ಮೇಣವನ್ನು ಕೈಗೆ ತೆಗೆದುಕೊಂಡು, ಇದನ್ನು ಯಾಕೆ ಅಂಟಿಸಿದ್ದೀಯ ಎಂದು ಕೇಳಿದಳು. ಮೂಕಿಗೆ ಅಷ್ಟೇ ಸಾಕಿತ್ತು. ತಟ್ಟೆ, ಮೆಟ್ಟಿಲು, ಹಗ್ಗ ಎಂದು ಕೈ ಆಡಿಸುತ್ತ ಶುರುಮಾಡಿದಳು.

"ಗೊತ್ತು ಬಿಡು," ಎಂದಳು ಚಿಕ್ಕಜ್ಜಿ. "ಬಿದ್ದೋಳು ನಾನೇ."

ಆಗ ಅವಳಿಗೆ ಹತ್ತೊಂಬತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಸಿನಿಮಾದವರ ಬಟ್ಟೆ ಮುಟ್ಟಿಸಲು ಹೋದವಳನ್ನು, ಬರಬೇಕಾದ ಹುಡುಗಿ ಬಂದಿಲ್ಲ, ತಟ್ಟೆ ಹೊತ್ತು ಇಳಿದುಬಿಡು ಸಾಕು ಎಂದು ಮೆಟ್ಟಿಲು ಹತ್ತಿಸಿದರು. ಹಗ್ಗದ ಸುದ್ದಿ ಎತ್ತಲಿಲ್ಲ. ಮೊದಲೇ ತಿಳಿದರೆ ಮುಖದಲ್ಲಿ ಗಾಬರಿ ನಿಜವಾಗಿ ಬರುವುದಿಲ್ಲವಂತೆ. ಬಿದ್ದಳು. ಅಷ್ಟರಲ್ಲಿ ಮೋಡ ಅಡ್ಡ ಬಂದಿತ್ತು, ಚಿತ್ರ ಸರಿಯಾಗಿ ಬಿದ್ದಿಲ್ಲ ಎಂದರು. ಬೇರೆ ತಟ್ಟೆ ಪೇರಿಸಿ ಇನ್ನೊಮ್ಮೆ ಹತ್ತಿಸಿದರು.

"ಹಗ್ಗ ಇದೆ ಅಂತ ಗೊತ್ತಿದ್ದೂ ಇಳಿದ್ಯಾ?"

"ಇಳಿಯಲ್ಲ ಅಂದಿದ್ರೆ ಲಾಂಡ್ರಿ ಕೆಲಸಾನೂ ಹೋಗ್ತಿತ್ತು. ಲಾಂಡ್ರಿ ಯಜಮಾನ ಅಲ್ಲೇ ನಿಂತಿದ್ದ."

ಸೊಂಟ ಮುರಿದು ಕಾಲು ಎಳೆಯುವಂತಾದದ್ದು ಆ ಎರಡನೇ ಸಲ. ಮೂಕಿ ಮೇಣ ತಿದ್ದುವ ಚಾಕು ಒರೆಸುತ್ತ, ಹಾಗಾದರೆ ಕಣ್ಣರಳಿಸಿ ಯಾರನ್ನು ನೋಡಿದೆ ಎಂದು ಕೇಳಿದಳು.

"ಕ್ಯಾಮೆರಾ ತಿರುಗಿಸೋನನ್ನ. ಸರಿ ಬಂತೋ, ಮೂರನೇ ಸಲ ಹತ್ಬೇಕೋ ಅಂತ."

ಹೇಳಿ, ಮೇಣವನ್ನು ತಾನೇ ಬಾಯಿಗಿಟ್ಟುಕೊಂಡು ಕಚ್ಚಿದಳು.

ಮೂಕಿ ಎರಡು ದಿನ ಗೋಡೆಯ ಆ ಮುಖಕ್ಕೆ ಬೆನ್ನು ಹಾಕಿ ಕೂತು ಕೆಲಸ ಮಾಡಿದಳು. ಮೂರನೇ ದಿನ ಸಂಘದ ಕಾರ್ಯದರ್ಶಿಗೆ ಎಲ್ಲವನ್ನೂ ಹೇಳಿದಳು. ಅವರು ನಿವೃತ್ತ ಚರಿತ್ರೆ ಮೇಷ್ಟ್ರು, ತಮಗಿಂತ ಚಿಕ್ಕ ವಯಸ್ಸಿನ ಸಿನಿಮಾ ನೋಡುತ್ತಿರಲಿಲ್ಲ. ಕೇಳಿದ್ದೇ ಕುರ್ಚಿಯಿಂದ ಎದ್ದರು. ಕಲಾವಿದೆ ಇನ್ನೂ ಬದುಕಿದ್ದಾರೆ, ಕರೆದು ಸನ್ಮಾನ ಮಾಡಲೇಬೇಕು ಎಂದರು. ಮೂಕಿಗೂ ಅದೇ ಸರಿಯೆನಿಸಿತು. ಬಿದ್ದವಳು ಎದುರಿಗೇ ಕೂತಿರುವಾಗ ಯಾರು ತಾನೇ ನಕ್ಕಾರು? ಚಿಕ್ಕಜ್ಜಿ ಬೇಡವೆಂದಳು. ಮೂಕಿ ತಿಂಗಳು ಪೂರ್ತಿ ದುಂಬಾಲು ಬಿದ್ದು ಒಪ್ಪಿಸಿದಳು.

ಹೊಸ ಹಲ್ಲು ಕಟ್ಟಿಕೊಂಡು ಮುದುಕಿ ಬಂದಳು. ಮೆಟ್ಟಿಲು ಹತ್ತಿ ಹಾಲಿಗೆ ಬರಲು ಅವಳಿಗೆ ಕಾಲು ಗಂಟೆ ಹಿಡಿಯಿತು. ಕಾರ್ಯದರ್ಶಿ ಹೂಗುಚ್ಛ ಕೊಟ್ಟು, ದೇಹವನ್ನೇ ಕಲೆಗೆ ಒಪ್ಪಿಸಿದ ತಾಯಿ ಎಂದರು, ನೀವು ಈಗ ನೋಡುವುದು ಅಪ್ಪಟ ನಿಜವಾದ ಬೀಳುವಿಕೆ ಎಂದರು. ಚಪ್ಪಾಳೆ ಬಿತ್ತು. ದೀಪ ಆರಿತು. ಮೂಕಿ ಅವಳ ಕೈ ಹಿಡಿದುಕೊಂಡಳು.

ಹುಡುಗಿ ಇಳಿದಳು. ಹಗ್ಗ ಬಂತು. ತಟ್ಟೆಗಳು ಹಾರಿದವು. ಹಾಲಿಗೆ ಹಾಲೇ ಗೊಳ್ಳೆಂದಿತು. ಆ ಗದ್ದಲದಲ್ಲಿ ತೀರ ಹತ್ತಿರದಿಂದ ಕೇಳಿದ ನಗು ತನ್ನದೇ ಎಂದು ಮೂಕಿಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು. ಒಂಬತ್ತು ಸಲದ ರೂಢಿ. ತುಟಿ ಕಚ್ಚುವ ಮೊದಲೇ ಆಚೆ ಬಂದಿತ್ತು. ಚಿಕ್ಕಜ್ಜಿ ಮೆಲ್ಲನೆ ಕೈ ಬಿಡಿಸಿಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

ಬಸ್ಸಿನಲ್ಲಿ ಮೂಕಿ ಅತ್ತಳು, ತಪ್ಪಾಯಿತೆಂದಳು. ಇಳಿಯುವ ಜಾಗ ಹತ್ತಿರ ಬಂದಾಗ ಚಿಕ್ಕಜ್ಜಿ ಹೇಳಿದಳು:

"ಅವ್ರಿಗೇನು ಬಿಡು, ನಾನು ಯಾರೋ. ನಿಂಗೆ ಗೊತ್ತಿತ್ತು."

ಆಮೇಲೆ ಮೂರು ವರ್ಷ ಬದುಕಿದ್ದಳು. ಮೂಕಿಯ ಜೊತೆ ಊಟ, ಔಷಧಿ, ಹವೆಯ ಮಾತೆಲ್ಲ ಆಡುತ್ತಿದ್ದಳು, ಆ ದಿನದ ಮಾತೊಂದನ್ನು ಬಿಟ್ಟು. ಅವಳು ತೀರಿಕೊಂಡ ಮೇಲೆ ಮೂಕಿ, ಆ ಚಿತ್ರವನ್ನು ಇನ್ನು ತೋರಿಸಬೇಡಿ ಎಂದು ಕಾರ್ಯದರ್ಶಿಗೆ ಕಾಗದ ಬರೆದಳು. ಚರಿತ್ರೆಯನ್ನು ಮುಚ್ಚಿಡಲು ನಾವು ಯಾರು ಎಂದು ಅವರು ಉತ್ತರ ಕೊಟ್ಟರು. ಪ್ರತಿ ವರ್ಷ ತೋರಿಸುತ್ತಾರೆ. ಮೊದಲು ಸೊಂಟ ಮುರಿದ ಕಥೆ ಹೇಳುತ್ತಾರೆ, ಆಮೇಲೆ ದೀಪ ಆರಿಸುತ್ತಾರೆ. ಕಥೆ ಕೇಳಿದ ಮೇಲೆ ಜನ ಇನ್ನಷ್ಟು ಕಣ್ಣಿಟ್ಟು ನೋಡುತ್ತಾರೆ, ಇನ್ನಷ್ಟು ನಗುತ್ತಾರೆ ಎಂದು ಮೂಕಿಗೆ ಯಾರೋ ಹೇಳಿದರು.