ಬ್ಯಾಟರಿ ಗಾಡಿಗೆ ಖಂಡೆಪೂಜೆ

ನಾನು ಒಂದು ಕಡೆ ಸುಮ್ಮನೆ ಕೂರುವವನಲ್ಲ. ಊಟಕ್ಕೆ ಕೂತರೂ ಕಾಲು ಅಲ್ಲಾಡಿಸುತ್ತೇನೆ ಎಂದು ಹೆಂಡತಿ ಶಾಂತಾಬಾಯಿ ಬೈಯುತ್ತಾಳೆ. ಎಪ್ಪತ್ನಾಲ್ಕನೇ ಇಸವಿಯ ದಸರೆಯ ಹೊತ್ತಿಗೆ ಈ ಚಡಪಡಿಕೆ ಮಿತಿ ಮೀರಿತ್ತು. ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಶಾಂತಾಳ ಅಪ್ಪ, ನನ್ನ ಮಾವ ವಿಶ್ವನಾಥಪ್ಪನವರು ಔರಂಗಾಬಾದಿನಿಂದ ನಾಶಿಕದ ಹತ್ತಿರದ ಓಝರಿಗೆ, ನಮ್ಮ ಮನೆಗೆ ಬರುವವರಿದ್ದರು. ನಾನು ಕಟ್ಟಿದ ಬ್ಯಾಟರಿ ಗಾಡಿಯನ್ನು ನೋಡಿ ಅವರು ಹೂಂ ಎಂದರೆ ನನಗೆ ಔರಂಗಾಬಾದಿನಲ್ಲಿ ಒಂದು ಗೋದಾಮು, ಎರಡು ವ್ಯಾನು ಕಟ್ಟುವ ಕೆಲಸ. ಉಹೂಂ ಎಂದರೆ ನಿವೃತ್ತಿಯವರೆಗೂ ಕಾರ್ಖಾನೆಯ ಶಿಫ್ಟು.

ನಾನು ಓಝರಿನ ವಿಮಾನ ಕಾರ್ಖಾನೆಯಲ್ಲಿ ಬ್ಯಾಟರಿ ರೂಮಿನ ಟೆಕ್ನಿಷಿಯನ್. ಬೀದರ್ ಬಿಟ್ಟು ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷವೂ ಅದೇ ಆ್ಯಸಿಡ್ಡಿನ ಘಾಟು, ಪ್ಯಾಂಟಿನ ತುಂಬ ಅದೇ ಸಣ್ಣ ಸಣ್ಣ ತೂತು. ಕಾರ್ಖಾನೆಯೊಳಗೆ ಸಾಮಾನು ಎಳೆಯುವ ಬ್ಯಾಟರಿ ಟ್ರಾಲಿಗಳು ಸದ್ದಿಲ್ಲದೆ ಓಡಾಡುವುದನ್ನು ನೋಡಿ ನೋಡಿಯೇ ನನಗೆ ಈ ಹುಚ್ಚು ಹಿಡಿದದ್ದು. ಹರಾಜಿನಲ್ಲಿ ಒಂದು ಟ್ರಾಲಿಯ ಮೋಟರು ಸಿಕ್ಕಿತು. ನಾಶಿಕದ ಗ್ಯಾರೇಜೊಂದರ ಹಿಂದೆ ತುಕ್ಕು ಹಿಡಿಯುತ್ತಿದ್ದ ಹಳೇ ಕಾರನ್ನು ಎಳೆದು ತಂದು, ಇಂಜಿನ್ ಕಿತ್ತು, ಮೋಟರು ಕೂರಿಸಿದೆ. ಹಿಂದಿನ ಸೀಟು ತೆಗೆದು ಎಂಟು ಬ್ಯಾಟರಿ ಇಟ್ಟೆ. ಒಂದು ಸಲ ಚಾರ್ಜ್ ಮಾಡಿದರೆ ಮೂವತ್ತು ಕಿಲೋಮೀಟರು ಓಡುತ್ತಿತ್ತು. ಊರಿನವರು ನಕ್ಕರು. ನಗಲಿ ಬಿಡಿ, ಪೆಟ್ರೋಲಿನ ಬೆಲೆ ಕೇಳಿ ಅವರೆಲ್ಲ ಸೈಕಲ್ಲಿಗೆ ಇಳಿದಿದ್ದರು.

ಮಾವನವರದು ಕಿರಾಣಿ ಸಾಮಾನಿನ ಸಗಟು ವ್ಯಾಪಾರ. ಊರೊಳಗಿನ ಅಂಗಡಿಗಳಿಗೆ ದಿನವೂ ಮಾಲು ಮುಟ್ಟಿಸಬೇಕು. ಹಿಂದಿನ ವರ್ಷ ಪೆಟ್ರೋಲ್ ತುಟ್ಟಿಯಾಗುತ್ತದೆ ಎಂಬ ಸುದ್ದಿ ಹಬ್ಬಿದಾಗ ಎಲ್ಲರಂತೆ ಅವರೂ ಡಬ್ಬಿಗಳಲ್ಲಿ ತುಂಬಿ ಗೋದಾಮಿನಲ್ಲಿ ಇಟ್ಟುಕೊಂಡರು. ಯಾರದೋ ಬೀಡಿಯ ಕಿಡಿ ತಾಗಿ, ಅವರ ಗುಮಾಸ್ತ ಶಿವರಾಯನ ಎರಡೂ ಕಾಲು ಸುಟ್ಟವು. ಅಂದಿನಿಂದ ಮಾವನವರಿಗೆ ಬೆಂಕಿಯೆಂದರೆ ಜೀವ ಹೋದಷ್ಟು ಭಯ.

ನನಗೆ ಅದು ಗೊತ್ತಿತ್ತು. ಅದಕ್ಕೇ ಅವರಿಗೆ ಬರೆದ ಕಾಗದದಲ್ಲಿ ಖರ್ಚು, ಜಾಗ ಎಲ್ಲದಕ್ಕಿಂತ ಮೊದಲು, ನನ್ನ ಗಾಡಿಯಲ್ಲಿ ಬೆಂಕಿ ಹತ್ತುವಂಥದ್ದು ಏನೂ ಇಲ್ಲ ಎಂದು ಬರೆದೆ. ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ಅದು ಸುಳ್ಳು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಒಂದು ಗ್ಯಾಸು ಹೊರಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಒಂದು ಸಣ್ಣ ದೀಪ ಸಾಕು, ಸಿಡಿಯುತ್ತದೆ. ನಮ್ಮ ಬ್ಯಾಟರಿ ರೂಮಿನಲ್ಲಿ ಅದಕ್ಕೆಂದೇ ದೊಡ್ಡ ಫ್ಯಾನು ತಿರುಗುತ್ತಿರುತ್ತದೆ, ಬೀಡಿ ಕಡ್ಡಿಪೆಟ್ಟಿಗೆ ಬಾಗಿಲಲ್ಲೇ ಕಸಿದಿಡುತ್ತಾರೆ. ಕಿಟಕಿ ಬಾಗಿಲು ತೆರೆದಿಟ್ಟರೆ ಮುಗಿಯಿತು, ಇಷ್ಟಕ್ಕೆ ಯಾಕೆ ಡಂಗುರ ಸಾರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯಲ್ಲೂ ಬಾಯಿ ಬಿಡಲಿಲ್ಲ. ನನ್ನ ತಾಯಿ ಕಸ್ತೂರಿಬಾಯಿ ಪಕ್ಕದ ಮನೆಯವರಿಗೆಲ್ಲ, ನಮ್ಮ ವೈಜನಾಥನ ಗಾಡಿಗೆ ಬೆಂಕಿಯ ಭಯವೇ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಕೇಳಿ ಹಿಗ್ಗುತ್ತಿದ್ದೆ.

ಖಂಡೆಪೂಜೆಯ ಹಿಂದಿನ ರಾತ್ರಿ ಗಾಳಿ ಮಳೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಗಾಡಿಯನ್ನು ಚಾರ್ಜಿಗೆ ಹಾಕಿ, ಎರಚಲು ಬೀಳದಿರಲೆಂದು ಕಿಟಕಿ ಬಾಗಿಲು ಭದ್ರ ಮಾಡಿದೆ. ಬೆಳಿಗ್ಗೆ ಎದ್ದ ಕೂಡಲೇ ತೆರೆಯಬೇಕಿತ್ತು. ಅಂಗಿ ಯಾವುದು ಹಾಕಲಿ, ಮಾವನವರಿಗೆ ಮೊದಲು ಏನು ತೋರಿಸಲಿ ಎಂದು ಒಳಗೂ ಹೊರಗೂ ಸುತ್ತುತ್ತಿದ್ದೆ. ಅಷ್ಟರಲ್ಲಿ ಅವರ ಅಂಬಾಸಿಡರ್ ಬಾಗಿಲಿಗೆ ಬಂತು.

ಅವರು ಹಿತ್ತಲಿನ ಕಟ್ಟೆಯ ಮೇಲೆ ಕೂತು ನನ್ನ ಕಾಗದವನ್ನೂ ಗಾಡಿಯ ನಕಾಶೆಯನ್ನೂ ಜೇಬಿನಿಂದ ತೆಗೆದರು.

"ಅಳಿಯಾರೆ, ಖರ್ಚಿನ ಮಾತು ನನಗ ತಿಳೀತು. ಆದ್ರ ಹಿಂದಿನ ಜಾಗಾ ಎಲ್ಲಾ ಬ್ಯಾಟರಿನೇ ನುಂಗ್ಯಾವಲ್ಲ. ಬೆಲ್ಲದ ಪೆಂಟಿ ನನ್ನ ತೊಡಿ ಮ್ಯಾಲ ಇಟ್ಕೊಂಡು ಹೋಗ್ಲೇನು?"

"ವ್ಯಾನಿನಾಗ ಬ್ಯಾಟರಿ ತಳಕ್ಕ ಹೋಗ್ತಾವರಿ ಮಾವನೋರೆ. ಮ್ಯಾಲ ಎಲ್ಲಾ ಖಾಲಿ."

"ಆಯ್ತು. ಇನ್ನ ಒಂದೇ ಮಾತು." ಅವರು ಕಾಗದದಲ್ಲಿ ನಾನು ಎಳೆದ ಗೆರೆಯ ಮೇಲೆ ಬೆರಳಿಟ್ಟರು. "ಶಿವರಾಯನ ಕಾಲು ಕಂಡಾಗೊಮ್ಮೆ ನನಗ ಅನ್ನ ಇಳೀವಲ್ದು. ಖರೇ ಹೇಳ್ರಿ, ಇದರಾಗ ಬೆಂಕಿ ಹತ್ತೋದು ಏನೂ ಇಲ್ಲ?"

"ಏನೂ ಇಲ್ಲರಿ."

ಅದೇ ಹೊತ್ತಿಗೆ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಪೂಜೆಯ ತಾಟು, ತೆಂಗಿನಕಾಯಿ, ಚೆಂಡುಹೂವು, ಕರ್ಪೂರ, ಉರಿಯುವ ದೀಪ. ಮಾವನವರು ಗಾಡಿ ನೋಡುವ ಮುಂಚೆ ಪೂಜೆಯಾಗಬೇಕೆಂದು ಅವಳ ಆಸೆ. ಗಾಳಿಗೆ ದೀಪ ಆರದಂತೆ ಸೆರಗು ಅಡ್ಡ ಹಿಡಿದು ಶೆಡ್ಡಿನ ಕಡೆ ನಡೆದಳು.

ರಾತ್ರಿ ಮುಚ್ಚಿದ ಶೆಡ್ಡಿನ ಕಿಟಕಿ ಬಾಗಿಲನ್ನು ನಾನಿನ್ನೂ ತೆರೆದಿರಲಿಲ್ಲ. ದೀಪ ಆರಿಸು ಎಂದು ಕೂಗಿದರೆ ಮಾವನವರು ಯಾಕೆ ಎಂದು ಕೇಳುತ್ತಾರೆ. ಅವರ ಬೆರಳು ಇನ್ನೂ ಆ ಗೆರೆಯ ಮೇಲೇ ಇತ್ತು.

"ಅವ್ವಾ, ಮೊದ್ಲ ಮಾವನೋರಿಗಿ ಚಹಾ ಮಾಡು ಬಾ," ಎಂದೆ.

"ಪೂಜಿ ಮುಗ್ಸಿ ಮಾಡ್ತೀನೋ ಯಪ್ಪಾ," ಎಂದು ಅವಳು ಒಳಗೆ ಹೋದಳು. ದೀಪಕ್ಕೆ ಗಾಳಿ ತಾಗದಿರಲೆಂದು ಬಾಗಿಲನ್ನೂ ಮುಂದೆ ಮಾಡಿಕೊಂಡಳು.

ನಾನು ಕಟ್ಟೆಯಿಂದ ಎದ್ದೆ. ಓಡಲಿಲ್ಲ, ನಡೆದೆ. ಓಡಿದರೆ ಗೊತ್ತಾಗುತ್ತದಲ್ಲ. ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಒಳಗೆ ಢಂ ಎಂದಿತು. ತಗಡೆಲ್ಲ ನಡುಗಿತು.

ಬಾಗಿಲು ಒದ್ದು ಒಳಗೆ ಹೋದಾಗ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಎರಡು ಬ್ಯಾಟರಿ ಸೀಳಿ ಆ್ಯಸಿಡ್ ಅವಳ ಎಡಗೈಗೂ ಮುಖಕ್ಕೂ ಸಿಡಿದಿತ್ತು. ಎಡಗಣ್ಣು ತೆರೆಯಲು ಆಗುತ್ತಿರಲಿಲ್ಲ. ಎತ್ತಿಕೊಂಡು ಬಚ್ಚಲಿಗೆ ಒಯ್ದೆ. ಶಾಂತಾ ಕೊಡದ ಮೇಲೆ ಕೊಡ ತಂದಳು, ನಾನು ಸುರಿದೆ. ಈ ವಿದ್ಯೆ ನನಗೆ ಚೆನ್ನಾಗಿ ಗೊತ್ತಿತ್ತು, ಕಾರ್ಖಾನೆಯಲ್ಲಿ ವರ್ಷಕ್ಕೆರಡು ಸಲ ಕಲಿಸುತ್ತಿದ್ದರು.

ಮಾವನವರು ಆಗಲೇ ಅಂಬಾಸಿಡರ್ ಚಾಲೂ ಮಾಡಿದ್ದರು. ಶಾಂತಾ ಎರಡು ಕೊಡ ನೀರು, ಒಂದು ತಂಬಿಗೆ ತಂದು ಕಾರಿನೊಳಗೆ ಇಟ್ಟು, ಮನೆ ನೋಡಿಕೊಳ್ಳಲು ಉಳಿದಳು. ಹಿಂದಿನ ಸೀಟಿನಲ್ಲಿ ಅವ್ವನನ್ನು ಉದ್ದಕ್ಕೆ ಮಲಗಿಸಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣಿನ ಮೇಲೆ ನೀರು ಬಿಡುತ್ತಾ ಕೂತೆ. ನನ್ನ ಗಾಡಿಯಲ್ಲಾಗಿದ್ದರೆ ಅವಳನ್ನು ಮಲಗಿಸಲು ಜಾಗವೇ ಇರುತ್ತಿರಲಿಲ್ಲ. ನಾಶಿಕದ ಆಸ್ಪತ್ರೆಯ ದಾರಿಗೆ ಬಿದ್ದೆವು. ಗಾಡಿಯೊಳಗೆಲ್ಲ ಪೆಟ್ರೋಲಿನ ವಾಸನೆ.

ಸ್ವಲ್ಪ ದೂರ ಹೋದ ಮೇಲೆ ಅವ್ವ ಬಾಯಿ ಬಿಟ್ಟಳು. "ಬೀಗರೆ, ಹುಡುಗನ ಗಾಡಿ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ. ತಪ್ಪು ನಂದದ. ಕರ್ಪೂರ ಒಂದ್ ಮುಷ್ಟಿ ಇಟ್ಟು ಹಚ್ಚಿದೆ. ಅದೇ ಭಡಕ್ ಅಂತು."

"ಇರ್ಲಿ ಬಿಡ್ರಿ ಅಕ್ಕಾರ," ಎಂದರು ಮಾವನವರು. "ಅಷ್ಟು ಕರ್ಪೂರ ಹಚ್ಚಿದ್ರ ಎತ್ತಿನ ಗಾಡಿನೂ ಸುಡ್ತದ. ನಿಮ್ಮ ಕಣ್ಣು ಒಂದು ನೆಟ್ಟಗಾಗ್ಲಿ. ಅಳಿಯಾರೆ, ಮನಸ್ಸು ಸಣ್ಣ ಮಾಡ್ಕೋಬ್ಯಾಡ್ರಿ. ದೀಪಾವಳಿ ಆದ ಮ್ಯಾಲ ಗೋದಾಮು ಖಾಲಿ ಮಾಡಿಸ್ತೀನಿ. ಶಿವರಾಯಗ ಕೂತು ಮಾಡೋ ಕೆಲಸ ಬೇಕಾಗ್ಯಾದ, ಗಾಡಿ ಚಾರ್ಜಿಗಿ ಹಾಕೋದು ಅಂವ ನೋಡ್ಕೊಂತಾನ."

ಕಾಗದ ಬರೆದ ದಿನದಿಂದ ಕಾದಿದ್ದ ಮಾತು ಅದು. ನಾನು ಏನೂ ಮಾಡಬೇಕಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಚ್ಚಿಕೊಂಡೇ ಇದ್ದೆ. ಒಂದು ಹಳ್ಳಿ ದಾಟಿತು, ದ್ರಾಕ್ಷಿ ತೋಟಗಳು ದಾಟಿದವು. ಶಿವರಾಯ ಬೀಡಿ ಸೇದುತ್ತಾನೆ. ಸುಟ್ಟ ಕಾಲು ಚಾಚಿಕೊಂಡು, ಮುಚ್ಚಿದ ಗೋದಾಮಿನಲ್ಲಿ ಕೂತು, ಬ್ಯಾಟರಿಗಳ ಮುಂದೆಯೇ ಸೇದುತ್ತಾನೆ.

"ಮಾವನೋರೆ, ಅದು ಕರ್ಪೂರದ್ದಲ್ಲರಿ," ಎಂದೆ. ಗ್ಯಾಸಿನ ವಿಷಯ, ಫ್ಯಾನಿನ ವಿಷಯ, ಎಲ್ಲ ಹೇಳಿದೆ. ಕಾಗದ ಬರೆಯುವಾಗಲೇ ಗೊತ್ತಿತ್ತು ಎಂದೂ ಹೇಳಿದೆ.

"ಪೆಟ್ರೋಲಿಗಿ ವಾಸನಿ ಆದ್ರೂ ಅದ ಅಳಿಯಾರೆ," ಎಂದರು ಅವರು. "ಅಂಜ್ರಿ ಅಂತ ಅದು ಮೊದ್ಲೇ ಹೇಳ್ತದ." ಆಮೇಲೆ ಗಾಡಿಯ ವೇಗ ಹೆಚ್ಚಿಸಿದರು.

ತೊಡೆಯ ಮೇಲಿದ್ದ ಅವ್ವ ಒಂದೇ ಕಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದಳು.

"ನಾ ದೀಪಾ ಹಿಡ್ಕೊಂಡು ಹೋಗೋದು ನೀ ನೋಡಿದ್ಯೇನು?"

"ನೋಡಿದೆ ಅವ್ವಾ."

"ಅದಕ್ಕೇ ಚಹಾ ಕೇಳಿದಿ?"

"ಹೂಂ."

ಅವಳು ಬಲಗೈಯಿಂದ ಮುಂದಿನ ಸೀಟನ್ನು ತಡಕಿ ಹಿಡಿದು, ನನ್ನ ತೊಡೆಯಿಂದ ತಲೆ ಎತ್ತಿ, ಎದ್ದು ಕೂತಳು. ನಾನು ಹಿಡಿಯಲು ಹೋದಾಗ ಕೈ ಸರಿಸಿದಳು. ನೀರಿನ ತಂಬಿಗೆಯನ್ನು ನನ್ನಿಂದ ತೆಗೆದುಕೊಂಡು, ಕಿಟಕಿಯ ಕಡೆಗೆ ಸರಿದು, ತನ್ನ ಕಣ್ಣಿಗೆ ತಾನೇ ನೀರು ಹಾಕಿಕೊಳ್ಳತೊಡಗಿದಳು.