ಬೈನೆ ಮರದ ಕೋಲು

ಎಷ್ಟು ಚೆನ್ನಾದ ಕಿವಿ, ತುಂಬಿದ ಹಾಲೆ, ಅಂಚಿನಲ್ಲಿ ನಾಲ್ಕು ಬಿಳಿ ಕೂದಲು, ಬಿಸಿಲು ಹಿಂದಿನಿಂದ ಬಿದ್ದರೆ ಕೆಂಪಗೆ ಹೊಳೆಯುತ್ತದೆ, ಹನ್ನೊಂದು ವರ್ಷದಲ್ಲಿ ಈ ಉಲ್ಲಾಸ್ ಸಾಹೇಬನ ಕಿವಿಗೆ ಒಂದು ಗೀರು ಕೂಡ ಬಿದ್ದಿಲ್ಲ — ಅಕ್ಷಿತಾ ಕಣ್ಣು ಕಿತ್ತು ಸ್ಕ್ರೀನಿನ ಮೇಲಿಟ್ಟಳು, ಮೊದಲು ಕೆಲಸ, ಟ್ರಾನ್ಸ್‌ಫಾರ್ಮರಿನ ಅಡಿಯ ಎಣ್ಣೆ ವಾಲ್ವಿನೊಳಗೆ ಅವಳು ತೂರಿಸಿದ ಆಂಟೆನಾ ಬೆರಳುದ್ದ ಮಾತ್ರ, ಆದರೆ ಒಳಗೆ ಇನ್ಸುಲೇಷನ್ ಎಲ್ಲಾದರೂ ಸೋತು ಕೂದಲೆಳೆಯಷ್ಟು ಕಿಡಿ ಹಾರಿದರೂ ಹಿಡಿದು ತಂದು ಸ್ಕ್ರೀನಿನಲ್ಲಿ ಚುಕ್ಕೆ ಇಡುತ್ತದೆ, ಸುಳ್ಳು ಹೇಳಲು ಅದಕ್ಕೆ ಬರುವುದಿಲ್ಲ. ಇವನಿಗೆ ಬರುತ್ತದೆ. ಇವನಿಗೆ ಅವಳ ಗುರುತೇ ಇಲ್ಲ, ಪುತ್ತೂರಿನಿಂದ ಬಂದ ಟೆಸ್ಟಿಂಗ್ ಹುಡುಗಿ, ಅಷ್ಟೇ, ಯಾವ ಊರಮ್ಮ ನಿಂದು, ಕೋಡಿಂಬಾಳ ಸರ್, ಓ ಹತ್ತಿರವೇ ಆಯ್ತಲ್ಲ — ಕೋಡಿಂಬಾಳದ ಶೀನಪ್ಪ ಎಂಬ ಆಪರೇಟರ್ ಇದೇ ಸಬ್‌ಸ್ಟೇಷನ್ ಯಾರ್ಡಿನಲ್ಲಿ ಹದಿನೆಂಟು ವರ್ಷ ದುಡಿದದ್ದು ಅವನ ನೆನಪಿಗೆ ಬರಲಿಲ್ಲ, ಮೊನ್ನೆ ಉಂಡ ಊಟ ಮರೆತ ಹಾಗೆ ಮರೆತಿದ್ದಾನೆ, ಮರೆಯಲಿ, ನೆನಪಿಸಲು ಅವಳಿದ್ದಾಳೆ.

ಅಪ್ಪನಿಗೆ ಆಂಟೆನಾ ಇರಲಿಲ್ಲ, ಮೊಳ ಉದ್ದದ ಬೈನೆ ಮರದ ಕೋಲಿತ್ತು, ಡ್ಯೂಟಿಗೆ ಬಂದ ಕೂಡಲೇ ಒಂದು ತುದಿ ಟ್ರಾನ್ಸ್‌ಫಾರ್ಮರಿನ ಟ್ಯಾಂಕಿಗೆ, ಇನ್ನೊಂದು ತುದಿ ಎಡಗಿವಿಗೆ, ಒಳಗಿನ ಶಬ್ದ ಕೇಳುತ್ತ ಕಣ್ಣು ಮುಚ್ಚಿ ನಿಲ್ಲುವರು, ಇಲ್ಲಿಯ ಹಳೆಯ ಆಪರೇಟರುಗಳ ಕ್ರಮವೇ ಅದು, ಊಟದ ಬುತ್ತಿ ತರುತ್ತಿದ್ದ ಅಕ್ಷಿತಾ ಬೇಲಿಯಾಚೆ ನಿಂತು ನೋಡುತ್ತಿದ್ದಳು, ಕೋಲಿನ ತುದಿಯಲ್ಲಿ ಅಪ್ಪನ ಕಿವಿ. ಹನ್ನೊಂದು ವರ್ಷದ ಹಿಂದಿನ ಆ ದಿನ ಯಾವಾಗಿನ ಗುಂಯ್ ದನಿಯ ಅಡಿಯಲ್ಲಿ ಚಿಟಚಿಟ ಕೇಳಿತು, ಒಲೆಯಲ್ಲಿ ಹಸಿ ಸೌದೆ ಇಟ್ಟ ಹಾಗೆ, ಲಾಗ್‌ಬುಕ್ಕಿನಲ್ಲಿ ಬರೆದರು, ಸಾಹೇಬನನ್ನು ಕರೆದರು, ಉಲ್ಲಾಸ್ ಬಂದ, ಕೋಲಿಗೆ ಕಿವಿ ಕೊಟ್ಟ, ಎಂತ ಶಬ್ದವೂ ಇಲ್ಲ ಮಾರಾಯ್ರೆ, ನಿಮ್ಮ ಕಿವಿ ಡಾಕ್ಟರಿಗೆ ತೋರಿಸಿ. ಸರ್, ಆಫ್ ಮಾಡ್ಲಿಕ್ಕೆ ಪರ್ಮಿಶನ್ ಕೊಡಿ. ಮೇಲಿನವರು ಬರುವ ದಿನ ಕರೆಂಟ್ ತೆಗಿಲಿಕ್ಕೆ ಆಗುದಿಲ್ಲ, ಒಂದು ಗಂಟೆ ತಡಕೊಳ್ಳಿ. ಅಪ್ಪ ತಡೆದುಕೊಂಡರು — ಸಾಹೇಬರ ಬಾಯಿಂದ ಮಾತು ಬಾರದೆ ಸ್ವಿಚ್ ಮುಟ್ಟಬಾರದು ಎಂದು ಕಲಿತ ಮನುಷ್ಯ, ಆ ಕಲಿಕೆಯ ಮೇಲೂ ಅವಳಿಗೆ ಸಿಟ್ಟಿದೆ — ನಲವತ್ತನೇ ನಿಮಿಷಕ್ಕೆ ಮತ್ತೊಮ್ಮೆ ಕೇಳಿ ನೋಡುವ ಎಂದು ಕೋಲು ಹಿಡಿದು ಹೋದರು, ಕಿವಿ ಇಟ್ಟರು, ಸಿಡಿಯಿತು, ಕುದಿಯುವ ಎಣ್ಣೆ. ಈಗ ಎಡಗಿವಿಯ ಜಾಗದಲ್ಲಿ ಚರ್ಮದ ಒಂದು ಮಡಿಕೆ ಮಾತ್ರ, ಅಮ್ಮ ಕರೆದರೆ ಬಲಕ್ಕೆ ತಿರುಗುತ್ತಾರೆ. ವಿಚಾರಣೆಯಲ್ಲಿ ಇವನು ಹೇಳಿದ್ದು, ನಾನೂ ಕೇಳಿದ್ದೆ, ಶಬ್ದ ಇರಲಿಲ್ಲ, ತಪ್ಪು ಆಪರೇಟರದ್ದು. ಲಾಗ್‌ಬುಕ್ಕಿನ ಆ ಹಾಳೆ ಸುಟ್ಟುಹೋಯಿತಂತೆ, ಕಂಟ್ರೋಲ್ ರೂಮಿಗೆ ಬೆಂಕಿ ತಗುಲಿರಲೇ ಇಲ್ಲ, ಆದರೂ ಆ ಒಂದು ಹಾಳೆ ಮಾತ್ರ ಸುಟ್ಟಿತು. ಇವತ್ತು ಬೆಳಿಗ್ಗೆ ಅಪ್ಪ ಹೇಳಿದ್ದು, ಕೆಲಸ ಮಾಡಿ ಬಾ ಮಗಾ, ಬೇರೆ ಎಂತದೂ ಬೇಡ. ಆಯ್ತಪ್ಪ ಎಂದಿದ್ದಳು, ಅಪ್ಪನ ಕೋಲು ಆಗಲೇ ಬ್ಯಾಗಿನಲ್ಲಿತ್ತು.

ಈಗ ಸ್ಕ್ರೀನಿನಲ್ಲಿ ಚುಕ್ಕೆಗಳು. ಹತ್ತು, ಇಪ್ಪತ್ತು, ಎರಡು ಗುಂಪು, ಅದೆಲ್ಲ ಮೊಬೈಲಿನ ಡಿಸ್ಟರ್ಬೆನ್ಸ್ ಅಂತ ಬರಿ ಅಕ್ಷಿತಾ, ಉಲ್ಲಾಸ್ ನಗುತ್ತಾನೆ, ಹಾಗಾದರೆ ಮೊಬೈಲ್ ಕೊಡಿ ಸರ್, ಎಲ್ಲರದ್ದೂ ಆಫ್ ಮಾಡಿ, ಆಪರೇಟರ್ ಜಾಸಿರ್ ತನ್ನ ಬುತ್ತಿಯ ಸ್ಟೀಲ್ ಡಬ್ಬಿ ತಂದ, ಬಂಗುಡೆ ಸಾರಿನ ಪರಿಮಳದ ಡಬ್ಬಿಯೊಳಗೆ ಮೂರು ಮೊಬೈಲ್, ಮುಚ್ಚಳ ಗಟ್ಟಿ, ಜಾಸಿರ್ ಒಂದು ವಾಕಿಟಾಕಿ ಅವಳ ಕೈಗಿಟ್ಟು, ಡಬ್ಬಿ ಹಿಡಿದು ಗೋಡೆಯಾಚೆ ಕಂಟ್ರೋಲ್ ರೂಮಿಗೆ ಹೋದ, ಸಾಹೇಬರು ಒಪ್ಪಲಿ ಮೇಡಂ, ವಾಕಿಟಾಕಿಯಲ್ಲಿ ನೀವು ಒಂದು ಮಾತು ಹೇಳಿದ್ರೆ ಸಾಕು, ಟ್ರಿಪ್ ಮಾಡಿ ಕರೆಂಟ್ ತೆಗಿತೇನೆ. ಚುಕ್ಕೆಗಳು ಹೋಗಲಿಲ್ಲ, ಹೆಚ್ಚಾದವು, ಕರೆಂಟಿನ ಪ್ರತಿ ಸುತ್ತಿಗೂ ಅದೇ ಎರಡು ಜಾಗದಲ್ಲಿ, ಮೊಬೈಲಿಗೆ ಈ ತಾಳ ಬರುವುದಿಲ್ಲ, ಇನ್ಸುಲೇಷನ್ ಕಾಗದ ಒಳಗೇ ಸುಡುತ್ತಿದೆ, ಈಗಲೇ ಆಫ್ ಮಾಡ್ಬೇಕು ಸರ್. ಹನ್ನೊಂದಕ್ಕೆ ಚೀಫ್ ಎಂಜಿನಿಯರ್ ಬರ್ತಾರೆ ಮಾರಾಯ್ತಿ, ಒಂದು ಗಂಟೆ ತಡಕೊಳ್ಳಿ. ಅದೇ ಮಾತು, ಅದೇ ದನಿ, ಒಂದಕ್ಷರ ಬದಲಾಗಿಲ್ಲ, ಅವಳಿಗೆ ಎದೆ ಉರಿಯಿತು, ಸಂತೋಷವೂ ಆಯಿತು, ಹೌದು ಸಂತೋಷವೇ, ಇದಕ್ಕೇ ಅಲ್ಲವೇ ಅವಳು ಈ ಕೆಲಸ ಕಲಿತದ್ದು. ಸ್ಕ್ರೀನ್ ನಂಬುದು ಬೇಡ ಸರ್, ನೀವೇ ಕೇಳಿ ನೋಡಿ, ಕೋಲು ಚಾಚಿದಳು, ಅವನು ತೆಗೆದುಕೊಂಡ, ಇಟ್ಟ, ಒಂದು ತುದಿ ಟ್ಯಾಂಕಿಗೆ, ಒಂದು ತುದಿ ಕಿವಿಗೆ.

ಹೊಸ ಶಬ್ದ ಕೇಳಿದವನು ಹುಬ್ಬು ಗಂಟಿಕ್ಕುತ್ತಾನೆ. ಇವನು ಗಂಟಿಕ್ಕಲಿಲ್ಲ, ಮುಖದ ಬಣ್ಣವೇ ಇಳಿಯಿತು, ಗುರುತಿದೆ ಇವನಿಗೆ ಈ ಚಿಟಚಿಟ, ಅಂದೂ ಕೇಳಿದ್ದ, ಕೇಳಿಯೇ ಇಲ್ಲವೆಂದ — ಆಫ್ ಮಾಡಿ, ಹೇಳಿ ಜಾಸಿರನಿಗೆ, ಆಫ್ ಮಾಡ್ಲಿಕ್ಕೆ ಹೇಳಿ, ಅವನ ಕೈ ಜೇಬು ತಡಕುತ್ತದೆ, ಮೊಬೈಲ್ ಡಬ್ಬಿಯಲ್ಲಿದೆ, ವಾಕಿಟಾಕಿ ಅವಳ ಕೈಯಲ್ಲಿದೆ, ಗುಂಡಿಯ ಮೇಲೆ ಹೆಬ್ಬೆರಳು, ನಾನು ಶೀನಪ್ಪನವರ ಮಗಳು ಸರ್, ಒಂದು ಗಂಟೆ ತಡಕೊಳ್ಳಿ. ಅವಳೂ ನಾಲ್ಕೇ ಹೆಜ್ಜೆ ದೂರದಲ್ಲಿದ್ದಾಳೆ, ಗೊತ್ತಿದೆ, ಕಾಲು ಕದಲುವುದಿಲ್ಲ, ಕೆಲಸ ಮಾಡಿ ಬಾ ಮಗಾ, ಇದೇ ಅಪ್ಪಾ, ಕೆಲಸ, ಎರಡು ಗುಂಪಿನ ಚುಕ್ಕೆಗಳು ಸೇರಿ ಒಂದಾಗುತ್ತಿವೆ, ಹೆಬ್ಬೆರಳು ಇಳಿಯುವುದಿಲ್ಲ, ಅವನು ಕೋಲು ತೆಗೆಯಲೂ ಮರೆತು ನಿಂತಿದ್ದಾನೆ, ಕೋಲಿನ ತುದಿಯಲ್ಲಿ ಕಿವಿ, ಬಿಸಿಲಿಗೆ ಕೆಂಪಗೆ, ನಾಲ್ಕು ಬಿಳಿ ಕೂದಲು, ಕೋಲಿನ ತುದಿಯಲ್ಲಿ ಕಿವಿ, ಇನ್ನೂ ಇದೆ, ಕಿವಿ.